ಜೀತ, ಋಣ ಮತ್ತು ಮಾನವ ಸಾಗಾಣಿಕೆ: ವಿಶ್ವವಿದ್ಯಾಲಯದ ಅಧ್ಯಯನದಲ್ಲಿ ಜಾನಪದದ ನೆಲೆ

ಮನುಷ್ಯನನ್ನು ಮನುಷ್ಯ ಸ್ವತ್ತಾಗಿ ಇಟ್ಟುಕೊಳ್ಳುವ ಪದ್ಧತಿಗೆ ಕಾನೂನಿನ ಮನ್ನಣೆ ತಪ್ಪಿ ಬಹುಕಾಲವಾಗಿದೆ. ಬ್ರಿಟಿಷ್ ಆಡಳಿತದ ಭಾರತದಲ್ಲಿ 1843ರ 5ನೆಯ ಅಧಿನಿಯಮವು ಗುಲಾಮರ ಮೇಲಿನ ಒಡೆತನದ ಹಕ್ಕನ್ನು ನ್ಯಾಯಾಲಯಗಳು ಮಾನ್ಯ ಮಾಡಬಾರದೆಂದು ವಿಧಿಸಿತು. 1926ರ ರಾಷ್ಟ್ರಸಂಘದ ಒಡಂಬಡಿಕೆ ಗುಲಾಮಗಿರಿಯನ್ನು ಒಡೆತನದ ಅಧಿಕಾರಗಳ ಚಲಾವಣೆಯೆಂದು ನಿರೂಪಿಸಿತು. 1956ರ ವಿಶ್ವಸಂಸ್ಥೆಯ ಪೂರಕ ಒಡಂಬಡಿಕೆ ಸಾಲದ ಜೀತವನ್ನು ಇದರೊಂದಿಗೆ ಸೇರಿಸಿತು. ಮಾನವ ಸಾಗಾಣಿಕೆಯನ್ನು ಕುರಿತ 2000ದ ಪಲೆರ್ಮೊ ಒಪ್ಪಂದವು ವಂಚನೆಯಿಂದ, ಬಲಾತ್ಕಾರದಿಂದ, ಅಥವಾ ಅಸಹಾಯಕತೆಯ ದುರುಪಯೋಗದಿಂದ ಶೋಷಣೆಗಾಗಿ ಜನರನ್ನು ಸೇರಿಸಿಕೊಳ್ಳುವುದು ಮತ್ತು ಸಾಗಿಸುವುದು ಅಪರಾಧವೆಂದು ಸಾರಿತು. ಭಾರತ ಇದನ್ನು 2011ರಲ್ಲಿ ಅನುಮೋದಿಸಿತು. ಇಷ್ಟೆಲ್ಲ ಆದ ಮೇಲೂ, ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಮತ್ತು ಸಹಸಂಸ್ಥೆಗಳು 2022ರಲ್ಲಿ ಪ್ರಕಟಿಸಿದ ಅಂದಾಜಿನಂತೆ, ಜಗತ್ತಿನಲ್ಲಿ ಸುಮಾರು 5 ಕೋಟಿ ಜನ 2021ರಲ್ಲಿ ಆಧುನಿಕ ಗುಲಾಮಗಿರಿಯ ಸ್ಥಿತಿಯಲ್ಲಿದ್ದರು. ಇವರಲ್ಲಿ 2 ಕೋಟಿ 76 ಲಕ್ಷ ಜನ ಬಲವಂತದ ದುಡಿಮೆಯಲ್ಲಿದ್ದವರು, ಉಳಿದವರು ಬಲವಂತದ ವಿವಾಹಕ್ಕೆ ಸಿಕ್ಕವರು.

ಈ ಸಂಗತಿ ವಿಶ್ವವಿದ್ಯಾಲಯಗಳಲ್ಲಿ ಸ್ವತಂತ್ರ ಅಧ್ಯಯನ ವಿಷಯವಾಗಿ ರೂಪುಗೊಂಡದ್ದು ಈಚೆಗೆ. ಇಂಗ್ಲೆಂಡಿನ ಹಲ್ ವಿಶ್ವವಿದ್ಯಾಲಯದಲ್ಲಿ 2006ರಲ್ಲಿ ಗುಲಾಮಗಿರಿ ಮತ್ತು ವಿಮೋಚನೆಯ ಅಧ್ಯಯನಕ್ಕೆಂದೇ ವಿಲ್ಬರ್‌ಫೋರ್ಸ್ ಸಂಸ್ಥೆ ಆರಂಭವಾಯಿತು. ನಾಟಿಂಗ್‌ಹ್ಯಾಮ್ ವಿಶ್ವವಿದ್ಯಾಲಯದಲ್ಲಿಯೂ ಇಂಥದೊಂದು ದೊಡ್ಡ ಸಂಶೋಧನ ಕೇಂದ್ರವಿದೆ. ಭಾರತದಲ್ಲಿ ಕಾನೂನು, ಸಮಾಜಕಾರ್ಯ, ಕಾರ್ಮಿಕ ಅರ್ಥಶಾಸ್ತ್ರ ಮತ್ತು ಮಹಿಳಾ ಅಧ್ಯಯನ ವಿಭಾಗಗಳು ಇದನ್ನು ತಮ್ಮ ತಮ್ಮ ಪಠ್ಯಕ್ರಮದ ಭಾಗವಾಗಿಸಿಕೊಂಡಿವೆ. ಜಾನಪದ ಅಧ್ಯಯನ ವಿಭಾಗಗಳಲ್ಲಿ ಮಾತ್ರ ಇದು ವಿಷಯವಾಗಿ ಕಾಣಿಸಿಕೊಂಡದ್ದು ಕಡಿಮೆ. ಜೀತ ಆರ್ಥಿಕ ಸಂಗತಿ, ಸಾಗಾಣಿಕೆ ಪೊಲೀಸಿನ ಸಂಗತಿ, ಜಾನಪದಕ್ಕೆ ಹಾಡು, ಕತೆ, ಕುಣಿತ ಸಾಕು ಎಂಬ ಗ್ರಹಿಕೆ ಇದಕ್ಕೆ ಕಾರಣವಾಗಿರಬಹುದು. ಆದರೆ ಜೀತವನ್ನು ಕುರಿತ ಭಾರತೀಯ ಕಾನೂನನ್ನೇ ಎಚ್ಚರದಿಂದ ಓದಿದರೆ ಈ ಗ್ರಹಿಕೆ ನಿಲ್ಲುವುದಿಲ್ಲ.

ಸಂವಿಧಾನದ 23ನೆಯ ಅನುಚ್ಛೇದವು ಮನುಷ್ಯರ ಮಾರಾಟ, ಬಿಟ್ಟಿ ಚಾಕರಿ ಮತ್ತು ಬಲವಂತದ ದುಡಿಮೆಗಳನ್ನು ಒಟ್ಟಿಗೆ ನಿಷೇಧಿಸುತ್ತದೆ. ಆದರೆ ಜೀತವನ್ನು ರದ್ದುಗೊಳಿಸುವ ಪ್ರತ್ಯೇಕ ಶಾಸನ ಬರಲು ಇಪ್ಪತ್ತೈದು ವರ್ಷಗಳು ಬೇಕಾದವು. 1975ರ ಅಕ್ಟೋಬರ್‌ನಲ್ಲಿ ಸುಗ್ರೀವಾಜ್ಞೆಯಾಗಿ ಬಂದು, 1976ರಲ್ಲಿ ಅಧಿನಿಯಮವಾದ ಈ ಶಾಸನದ ವಿಶೇಷ ಅದರ ವ್ಯಾಖ್ಯೆಗಳ ಭಾಗದಲ್ಲಿದೆ. ಸಾಲಗಾರ ಮತ್ತು ಸಾಲಿಗನ ನಡುವಿನ ‘ಕರಾರು’ ಎಂದರೇನೆಂದು ವಿವರಿಸುವಾಗ, ಅದು ಬರಹದಲ್ಲಿರಬೇಕೆಂದು ಶಾಸನ ಕೇಳುವುದಿಲ್ಲ, ಬಾಯಿಮಾತಿನದೂ ಆಗಬಹುದು. ಅಷ್ಟೇ ಅಲ್ಲ, ಆಯಾ ಪ್ರದೇಶದ ಸಾಮಾಜಿಕ ರೂಢಿಯ ಪ್ರಕಾರ ಕರಾರು ಇದೆಯೆಂದೇ ಭಾವಿಸಲಾಗುವ ದುಡಿಮೆಯ ರೂಪಗಳೆಂದು ಮೂವತ್ತು ಹೆಸರುಗಳನ್ನು ಅದು ಪಟ್ಟಿ ಮಾಡುತ್ತದೆ: ಅಡಿಯಮಾರ್, ಬಾರಾಮಾಸಿಯಾ, ಭಗೇಲಾ, ಚೆರುಮಾರ್, ಹರ್ವಾಯಿ, ಹೊಲ್ಯ, ಜೀತ, ಕಾಮಿಯಾ, ಪಾಲೇರು, ಪಣ್ಣೈಯಾಳ್, ಸಾಗ್ರಿ, ವೆಟ್ಟಿ ಮೊದಲಾದವು. ಪಾರ್ಲಿಮೆಂಟಿನ ಶಾಸನವೊಂದು ಹೀಗೆ ನಾಡಿನ ಆಡುಮಾತಿನ ಪದಕೋಶವಾಗಿ ಮಾರ್ಪಡುವುದು ಅಪರೂಪ. ಈ ಪಟ್ಟಿಯಲ್ಲಿ ಕೆಲವು ದುಡಿಮೆಯ ಅವಧಿಯನ್ನು ಹೇಳುವ ಹೆಸರುಗಳು, ಕೆಲವು ದುಡಿಯುವವನನ್ನು ಹೇಳುವ ಹೆಸರುಗಳು. ಕೆಲವು ನೇರವಾಗಿ ಜಾತಿಯ ಹೆಸರುಗಳೇ ಆಗಿವೆ. ಜಾತಿಯ ಹೆಸರೇ ಕರಾರಿನ ಹೆಸರೂ ಆಗಿರುವಲ್ಲಿ ಸಾಲಪತ್ರ ಎಲ್ಲಿದೆಯೆಂದು ಹುಡುಕುವುದು ನಿರರ್ಥಕ. ಜೀತದ ವ್ಯಾಖ್ಯೆಯಲ್ಲಿಯೂ ಸಾಲದ ಜೊತೆಗೆ ರೂಢಿಗತ ಬಾಧ್ಯತೆ, ವಂಶಪಾರಂಪರ್ಯವಾಗಿ ಬಂದ ಬಾಧ್ಯತೆ, ನಿರ್ದಿಷ್ಟ ಜಾತಿಯಲ್ಲಿ ಹುಟ್ಟಿದ್ದರಿಂದ ಬಂದ ಬಾಧ್ಯತೆ ಇವನ್ನು ಹೇಳಲಾಗಿದೆ. ಇಲ್ಲಿ ‘ರೂಢಿ’ ಎಂಬುದೇ ಸಾಕ್ಷ್ಯ. ರೂಢಿಯನ್ನು ಗುರುತಿಸುವ, ದಾಖಲಿಸುವ, ಅದರ ಪದಗಳನ್ನು ಅರ್ಥೈಸುವ ವಿದ್ಯೆ ಜಾನಪದವಲ್ಲದೆ ಬೇರೆ ಯಾವುದು?

ಪಟ್ಟಿಯಲ್ಲಿರುವ ‘ಜೀತ’ ಎಂಬ ಪದವನ್ನೇ ನೋಡಬಹುದು. ಇದು ‘ಜೀವಿತ’ ಎಂಬುದರ ತದ್ಭವ. ಹಳಗನ್ನಡದಲ್ಲಿ ಇದಕ್ಕೆ ಜೀವನಾಧಾರ, ಸಂಬಳ ಎಂಬ ಗೌರವದ ಅರ್ಥವೇ ಇತ್ತು. ಬದುಕಲು ಕೊಡುವುದು ಜೀವಿತ. ಅದನ್ನು ಪಡೆದವನು ಕೊಟ್ಟವನಿಗೆ ಸಲ್ಲುವವನು. ‘ವಿಷ್ಟಿ’ಯಿಂದ ಬಂದ ‘ಬಿಟ್ಟಿ’ ಇದಕ್ಕೆ ವಿರುದ್ಧವಾದುದು: ಏನನ್ನೂ ಕೊಡದೆ ಮಾಡಿಸಿಕೊಳ್ಳುವ ದುಡಿಮೆ ಅದು. ಶಾಸನದ ಪಟ್ಟಿಯ ‘ವೆಟ್ಟಿ’ ಇದರದೇ ಸೋದರ ರೂಪ. ಇಂದಿನ ಕನ್ನಡದಲ್ಲಿ ಜೀತ, ಬಿಟ್ಟಿ ಎರಡೂ ನಿಂದೆಯ ಮಾತುಗಳಾಗಿವೆ. ಪದ ನಿಂದೆಯಾದಾಗ ಜನ ಅದನ್ನು ತಮ್ಮ ಬಗೆಗೆ ಬಳಸುವುದನ್ನು ಬಿಡುತ್ತಾರೆ. ಹಳೆಯ ಮೈಸೂರು ಭಾಗದ ಹಳ್ಳಿಗಳಲ್ಲಿ ಜೀತಕ್ಕಿರುವವನು ‘ಸಂಬಳಕ್ಕಿದ್ದೀನಿ’ ಎನ್ನುತ್ತಾನೆ. ಇಟ್ಟುಕೊಂಡವರು ‘ನಮ್ಮ ಮನೆ ಹುಡುಗ’, ‘ಮನೆ ಮಗನ ಹಂಗೆ’ ಎನ್ನುತ್ತಾರೆ. ಕರಾರು ಯುಗಾದಿಯಿಂದ ಯುಗಾದಿಗೆ ನಡೆಯುವಲ್ಲಿ, ‘ವರ್ಷ ತುಂಬಿತು’ ಎನ್ನುವುದೇ ಲೆಕ್ಕ ನೋಡುವ ಸೂಚನೆ. ಲೆಕ್ಕದಲ್ಲಿ ಹಬ್ಬಕ್ಕೆ ಕೊಟ್ಟ ಬಟ್ಟೆ, ಕಾಯಿಲೆಗೆ ಕೊಟ್ಟ ಹಣ, ಕೆಲಸಕ್ಕೆ ಬಾರದ ದಿನಗಳು ಎಲ್ಲ ಸೇರಿ ಸಾಲ ಹಿಂದಿನಷ್ಟೇ ಉಳಿಯುವುದೂ ಉಂಟು. ‘ನೀನು ಜೀತಗಾರನೇ?’ ಎಂದು ಪ್ರಶ್ನಾವಳಿ ಹಿಡಿದು ಕೇಳಿದರೆ ‘ಅಲ್ಲ’ ಎಂಬ ಉತ್ತರ ಬರುವುದು ಸಹಜ. ಆ ಉತ್ತರ ಸುಳ್ಳಲ್ಲ, ಪ್ರಶ್ನೆಯೇ ಅವನ ಭಾಷೆಯಲ್ಲಿಲ್ಲ.

ಇದು ಕೇವಲ ಪದವಿಚಾರವಲ್ಲ ಎಂಬುದಕ್ಕೆ ಎಣಿಕೆಯ ಚರಿತ್ರೆಯೇ ನಿದರ್ಶನ. ಶಾಸನ ಬಂದ ಎರಡು ಮೂರು ವರ್ಷಗಳಲ್ಲೇ ಎರಡು ದೊಡ್ಡ ಅಂದಾಜುಗಳು ಹೊರಬಂದವು. ಗಾಂಧಿ ಶಾಂತಿ ಪ್ರತಿಷ್ಠಾನ ಮತ್ತು ರಾಷ್ಟ್ರೀಯ ಕಾರ್ಮಿಕ ಸಂಸ್ಥೆಗಳ ಸಮೀಕ್ಷೆ 10 ರಾಜ್ಯಗಳಲ್ಲಿ 26 ಲಕ್ಷಕ್ಕೂ ಮಿಗಿಲಾದ ಜೀತಗಾರರಿದ್ದಾರೆಂದಿತು. ರಾಷ್ಟ್ರೀಯ ಮಾದರಿ ಸಮೀಕ್ಷೆಯ 32ನೆಯ ಸುತ್ತು 16 ರಾಜ್ಯಗಳಲ್ಲಿ ಸುಮಾರು 3 ಲಕ್ಷ 45 ಸಾವಿರ ಎಂದಿತು. ಒಂದೇ ದೇಶ, ಹೆಚ್ಚುಕಡಿಮೆ ಒಂದೇ ಕಾಲ. ಆದರೂ ಒಂದು ಸಂಖ್ಯೆ ಇನ್ನೊಂದರ ಏಳು ಪಟ್ಟಿಗೂ ಹೆಚ್ಚು. ಮಾದರಿಯ ಆಯ್ಕೆ, ವ್ಯಾಖ್ಯೆ, ವಿಧಾನ ಇವೆಲ್ಲ ಕಾರಣಗಳೆಂದು ವಿದ್ವಾಂಸರು ಚರ್ಚಿಸಿದ್ದಾರೆ. ಯಾರನ್ನು ಜೀತಗಾರನೆಂದು ಕರೆಯಬೇಕೆಂಬ ಪ್ರಶ್ನೆ ಇವೆಲ್ಲದರ ತಳದಲ್ಲಿದೆ. ಸರ್ಕಾರಿ ದಾಖಲೆಗಳಂತೆ ಕರ್ನಾಟಕದಲ್ಲಿ ಗುರುತಿಸಲಾದವರ ಸಂಖ್ಯೆ 63 ಸಾವಿರಕ್ಕೂ ಹೆಚ್ಚು. ಗುರುತಿಸುವಿಕೆಯ ಮೇಲೆಯೇ ಬಿಡುಗಡೆ ಪತ್ರ ನಿಂತಿದೆ, ಬಿಡುಗಡೆ ಪತ್ರದ ಮೇಲೆ ಪುನರ್ವಸತಿ ನಿಂತಿದೆ. ಪತ್ರವಿಲ್ಲದವನ ಸಾಲ ಕಾನೂನಿನಂತೆ ರದ್ದಾಗಿದ್ದರೂ ಊರಿನಲ್ಲಿ ರದ್ದಾಗುವುದಿಲ್ಲ.

ನ್ಯಾಯಾಲಯಗಳು ಈ ತೊಡಕನ್ನು ಬೇಗನೆ ಗ್ರಹಿಸಿದವು. ಏಷ್ಯನ್ ಕ್ರೀಡಾಕೂಟದ ಕಾಮಗಾರಿಗಳ ಸಂಬಂಧವಾಗಿ 1982ರಲ್ಲಿ ಸರ್ವೋಚ್ಚ ನ್ಯಾಯಾಲಯ ಕನಿಷ್ಠ ವೇತನಕ್ಕಿಂತ ಕಡಿಮೆಗೆ ದುಡಿಸಿಕೊಳ್ಳುವುದೂ ಬಲವಂತದ ದುಡಿಮೆಯೇ ಎಂದಿತು. ಫರೀದಾಬಾದಿನ ಕಲ್ಲುಗಣಿಗಳನ್ನು ಕುರಿತ ಬಂಧುವಾ ಮುಕ್ತಿ ಮೋರ್ಚಾ ಪ್ರಕರಣದಲ್ಲಿ, 1983ರ ಡಿಸೆಂಬರ್‌ನಲ್ಲಿ, ಬಲವಂತದ ದುಡಿಮೆ ಕಂಡುಬಂದರೆ ಅದರ ಹಿಂದೆ ಮುಂಗಡ ಅಥವಾ ಬೇರೊಂದು ಪ್ರತಿಫಲ ಇದೆಯೆಂದು ಭಾವಿಸಬೇಕು, ಅಲ್ಲವೆಂದು ಸಾಧಿಸುವ ಹೊಣೆ ಮಾಲೀಕನದು ಎಂದಿತು. 1976ರ ಅಧಿನಿಯಮದ 15ನೆಯ ಪ್ರಕರಣವೂ ಋಣ ಜೀತದ ಸಾಲವಲ್ಲವೆಂದು ಸಾಧಿಸುವ ಭಾರವನ್ನು ಸಾಲಿಗನ ಮೇಲೆಯೇ ಹೊರಿಸಿದೆ. ಕಾಗದದ ಮೇಲೆ ಇದಕ್ಕಿಂತ ಸ್ಪಷ್ಟವಾದುದು ಬೇಕಿಲ್ಲ. ಆದರೂ 2000ದಲ್ಲಿ ಶ್ರೀರಂಗಪಟ್ಟಣ ತಾಲ್ಲೂಕಿನ ಹಂಗರಹಳ್ಳಿಯ ಕಲ್ಲುಗಣಿಯಲ್ಲಿ ಕಾಲಿಗೆ ಸರಪಳಿ ಹಾಕಿಸಿಕೊಂಡ ಕೂಲಿಗಳು ಪತ್ತೆಯಾದಾಗ ನಾಡು ಬೆಚ್ಚಿಬಿದ್ದಿತು. ಸರಪಳಿ ಕಣ್ಣಿಗೆ ಕಾಣುತ್ತದೆ. ಅದರ ಬಗೆಗೆ ಯಾರಿಗೂ ಸಂದೇಹವಿರುವುದಿಲ್ಲ. ಸರಪಳಿಯಿಲ್ಲದೆ ವರ್ಷಗಟ್ಟಲೆ ಒಂದು ಮನೆಯ ಹಟ್ಟಿಯಲ್ಲಿ ಉಳಿಯುವವನನ್ನು ಹಿಡಿದಿಟ್ಟಿರುವುದು ಏನೆಂಬುದೇ ಅಧ್ಯಯನದ ಕಠಿಣ ಪ್ರಶ್ನೆ.

ಹಿಡಿದಿಟ್ಟಿರುವ ಶಕ್ತಿಗಳಲ್ಲಿ ಬಡತನ, ಹೆದರಿಕೆಗಳೊಂದಿಗೆ ‘ಋಣ’ವೂ ಒಂದು. ಕಲ್ಯಾಣದ ಚಾಲುಕ್ಯರ ಆಶ್ರಯದಲ್ಲಿ ವಿಜ್ಞಾನೇಶ್ವರ ರಚಿಸಿದ ಮಿತಾಕ್ಷರೆಯು ನಾರದನನ್ನು ಅನುಸರಿಸಿ ಹದಿನೈದು ಬಗೆಯ ದಾಸರನ್ನು ಹೇಳುತ್ತದೆ. ಮನೆಯಲ್ಲಿ ಹುಟ್ಟಿದವನು, ಕೊಂಡವನು, ಪಿತ್ರಾರ್ಜಿತವಾಗಿ ಬಂದವನು, ಒತ್ತೆಯಿಟ್ಟವನು, ದೊಡ್ಡ ಸಾಲದಿಂದ ಬಿಡಿಸಲ್ಪಟ್ಟವನು, ತನ್ನನ್ನು ತಾನೇ ಮಾರಿಕೊಂಡವನು ಇವರ ನಡುವೆ ಇನ್ನೂ ಇಬ್ಬರಿದ್ದಾರೆ: ಬರಗಾಲದಲ್ಲಿ ಅನ್ನವಿಟ್ಟು ಉಳಿಸಿಕೊಂಡವನು ಮತ್ತು ಅನ್ನಕ್ಕಾಗಿ ದಾಸನಾದವನು. 1976ರ ಶಾಸನ ಹೇಳುವ ಸಾಲ, ವಂಶ, ಹುಟ್ಟು ಈ ಮೂರೂ ಕನ್ನಡ ನಾಡಿನಲ್ಲಿ ರಚಿತವಾದ ಈ ಗ್ರಂಥದಲ್ಲಿಯೇ ಇವೆ. ಅನ್ನವನ್ನೇ ಬಂಧನದ ಕಾರಣವಾಗಿ ಅದು ಹೆಸರಿಸುವುದು ಮಾತ್ರ ವಿಶೇಷ ಗಮನ ಬೇಡುವ ಸಂಗತಿ. ಪ್ರಾಚೀನ ಶಾಸನಗಳು ಮತ್ತು ಕಾವ್ಯಗಳಲ್ಲಿ ಬರುವ ಜೋಳದ ಪಾಳಿ, ವೇಳೆವಾಳಿ, ಲೆಂಕವಾಳಿಗಳ ವಿಚಾರವನ್ನು ಎಂ. ಚಿದಾನಂದಮೂರ್ತಿಯವರಂಥ ವಿದ್ವಾಂಸರು ವಿಸ್ತಾರವಾಗಿ ವಿವೇಚಿಸಿದ್ದಾರೆ. ಉಂಡ ಜೋಳಕ್ಕೆ ಪ್ರಾಣ ಕೊಡುವುದು ವೀರನ ಪಾಲಿಗೆ ಕೀರ್ತಿ. ಅದೇ ನೀತಿ ಕೆಳಗಿಳಿದು ಆಳಿನ ಮನೆಗೆ ಬಂದಾಗ ‘ಉಪ್ಪಿನ ಋಣ’ವಾಗುತ್ತದೆ, ‘ಉಂಡ ಮನೆಗೆ ಎರಡು ಬಗೆಯಬಾರದು’ ಎಂಬ ಎಚ್ಚರಿಕೆಯಾಗುತ್ತದೆ. ವೀರಗಲ್ಲು ವೀರನಿಗೆ ಮಾತ್ರ. ಇದರ ಮೇಲೆ ಭಕ್ತಿ ಪರಂಪರೆಯೂ ಆಳು, ತೊತ್ತು, ದಾಸ ಎಂಬ ಮಾತುಗಳನ್ನು ದೈವದ ಮುಂದಿನ ವಿನಯಕ್ಕೆ ಬಳಸಿ ಅವುಗಳಿಗೊಂದು ಘನತೆ ತಂದುಕೊಟ್ಟಿತು. ಆ ಘನತೆ ಆ ಸ್ಥಿತಿಯಲ್ಲಿ ನಿಜವಾಗಿ ಬದುಕಿದವರಿಗೆ ಎಷ್ಟು ದಕ್ಕಿತೆಂಬುದು ಬೇರೆಯೇ ವಿಚಾರ.

ಋಣದ ಈ ಭಾಷೆ ಆಳಿನ ಒಪ್ಪಿಗೆಯೇ ಅಥವಾ ಒಡೆಯನ ಹೇರಿಕೆಯೇ ಎಂಬ ಪ್ರಶ್ನೆಯನ್ನು ಭಾರತದ ಎರಡು ಪ್ರಮುಖ ಅಧ್ಯಯನಗಳು ಬೇರೆ ಬೇರೆ ದಾರಿಯಲ್ಲಿ ಎತ್ತಿಕೊಂಡಿವೆ. ಯಾನ್ ಬ್ರೆಮನ್ 1974ರ ತಮ್ಮ ಗ್ರಂಥದಲ್ಲಿ ದಕ್ಷಿಣ ಗುಜರಾತಿನ ಹಾಲಿ ಪದ್ಧತಿಯನ್ನು ಪರಿಶೀಲಿಸಿ, ಆಶ್ರಯದ ಅಂಶ ಕರಗಿ ಶೋಷಣೆಯ ಅಂಶ ಮಾತ್ರ ಉಳಿದ ಬಗೆಯನ್ನು ತೋರಿಸಿದರು. ಗ್ಯಾನ್ ಪ್ರಕಾಶ್ 1990ರಲ್ಲಿ ಪ್ರಕಟಿಸಿದ ಗ್ರಂಥ ದಕ್ಷಿಣ ಬಿಹಾರದ ಕಾಮಿಯಾ ದುಡಿಮೆಗಾರರದು. ವಸಾಹತು ಆಡಳಿತ ಈ ಸಂಬಂಧವನ್ನು ಹಣದ ಸಾಲವೆಂದು ಓದಿದ ಕ್ರಮವನ್ನು ದಾಖಲೆಗಳಿಂದ ಬಿಡಿಸಿದ ಅವರು, ಕಾಮಿಯಾ ಜನರ ಮೌಖಿಕ ಪರಂಪರೆಯನ್ನೂ ಸತ್ತ ಮಾಲೀಕರ ಪ್ರೇತಗಳನ್ನು ಕುರಿತ ಆರಾಧನೆಯನ್ನೂ ಆಕರವಾಗಿ ತೆಗೆದುಕೊಂಡರು. ಇತಿಹಾಸಕಾರರೊಬ್ಬರು ಜಾನಪದ ಸಾಮಗ್ರಿಯಿಂದ ಪಡೆದುದನ್ನು ಜಾನಪದ ವಿದ್ವಾಂಸರು ಕನ್ನಡ ಸಾಮಗ್ರಿಯಿಂದ ಇನ್ನೂ ಪೂರ್ಣವಾಗಿ ಪಡೆದುಕೊಂಡಿಲ್ಲ ಎಂದು ಹೇಳಬೇಕಾಗಿದೆ.

ಸಾಮಗ್ರಿಗೆ ಕೊರತೆಯಿಲ್ಲ. ದೇವರಗುಡ್ಡರು ಕಂಸಾಳೆಯೊಂದಿಗೆ ಹಾಡುವ ಮಲೆಯ ಮಾದೇಶ್ವರ ಕಾವ್ಯದಲ್ಲಿ ಶ್ರವಣ ದೊರೆಯ ಸಾಲಿದೆ. ದೇವಾನುದೇವತೆಗಳು ದೊರೆಯ ಸೆರೆಯಲ್ಲಿದ್ದು ಅವನ ಊಳಿಗ ಮಾಡುವ, ಅವರನ್ನು ಬಿಡಿಸಲು ಮಾದಪ್ಪ ಉಪಾಯ ಹೂಡುವ ಕಥನ ಅಲ್ಲಿದೆ. ಇದನ್ನು ದೈತ್ಯಸಂಹಾರದ ಪುರಾಣವೆಂದಷ್ಟೇ ಓದುವ ವಾಡಿಕೆಯಿದೆ. ಬಿಟ್ಟಿ ದುಡಿಮೆಯನ್ನು ಮೈಮೇಲೆ ಬಲ್ಲ ಕೇಳುಗರು ದೇವತೆಗಳಿಗೇ ಒದಗಿದ ಊಳಿಗವನ್ನು ಕೇಳುವಾಗ ಏನನ್ನು ಕೇಳುತ್ತಾರೆ ಎಂಬುದು ಕೇಳಬೇಕಾದ ಪ್ರಶ್ನೆ.

ಕರಾವಳಿಯ ಕೊರಗ ಸಮುದಾಯದ ಉದಾಹರಣೆ ಇದಕ್ಕಿಂತ ತೀಕ್ಷ್ಣವಾದುದು. ಕರ್ನಾಟಕವು 2000ದಲ್ಲಿ ಅಜಲು ಪದ್ಧತಿಯನ್ನು ನಿಷೇಧಿಸುವ ಅಧಿನಿಯಮವನ್ನು ರೂಪಿಸಿತು. ಕೊರಗರನ್ನು ಕೀಳೆಂದು ಎಣಿಸಿ ಕೂಲಿ ಕೊಡದೆ ಬಳಸಿಕೊಳ್ಳುವುದು, ಕೂದಲು ಉಗುರು ಬೆರೆಸಿದ ಅನ್ನವನ್ನು ತಿನ್ನಿಸುವುದು, ಕಂಬಳಕ್ಕೆ ಮುನ್ನ ಅವರನ್ನು ಕೋಣಗಳಂತೆ ಓಡಿಸುವುದು ಇವೆಲ್ಲ ಈ ನಿಷೇಧಕ್ಕೆ ಒಳಪಟ್ಟವು. ಕಂಬಳದ ಹಿಂದಿನ ರಾತ್ರಿ ಗದ್ದೆಯ ಬಳಿ ಡೋಲು ಬಾರಿಸುತ್ತ ಮಂಜಿನಲ್ಲಿ ಕುಳಿತಿರುವ ‘ಪನಿಕುಲ್ಲುನಿ’ ಆಚರಣೆಯ ಸಾಂಕೇತಿಕತೆ, ವಾದ್ಯದ ಲಯ, ಫಲವಂತಿಕೆಯ ನಂಬಿಕೆ ಇವುಗಳ ಬಗೆಗೆ ವಿವರಣೆ ಕೊಡುವುದು ಜಾನಪದ ಅಧ್ಯಯನಕ್ಕೆ ಸುಲಭ. ಕುಳಿತವನು ಏಳಬಹುದಿತ್ತೇ ಎಂಬ ಒಂದೇ ಪ್ರಶ್ನೆ ಆ ವಿವರಣೆಯ ಸ್ವರೂಪವನ್ನೇ ಬದಲಿಸುತ್ತದೆ. ಇಲ್ಲಿ ಸಾಲವಿಲ್ಲ, ಮುಂಗಡವಿಲ್ಲ, ರೂಢಿಯೊಂದೇ ಬಾಧ್ಯತೆ. ಸವದತ್ತಿ ಎಲ್ಲಮ್ಮನ ಪರಂಪರೆಯ ಚೌಡಿಕೆ ಪದಗಳ ವಿಷಯದಲ್ಲಿಯೂ ಹೀಗೆಯೇ. 1982ರಲ್ಲಿ ದೇವದಾಸಿ ಸಮರ್ಪಣೆಯನ್ನು ನಿಷೇಧಿಸುವ ಅಧಿನಿಯಮವನ್ನು ರಾಜ್ಯ ರೂಪಿಸಿದ ಮೇಲೂ, ಪದಗಳನ್ನು ಕಲೆಯೆಂದು ಸಂಗ್ರಹಿಸುವುದು ಒಂದು ವಿಭಾಗದ ಕೆಲಸ, ಮುತ್ತು ಕಟ್ಟಿಸಿಕೊಂಡ ಬಾಲಕಿಯ ಬದುಕು ಇನ್ನೊಂದು ವಿಭಾಗದ ಕೆಲಸ ಎಂಬ ವಿಂಗಡಣೆ ಉಳಿದುಬಂದಿತು.

ಹಳೆಯ ರೂಪಗಳನ್ನಷ್ಟೇ ನೋಡಿದರೆ ಅಧ್ಯಯನ ಅರ್ಧವಾಗುತ್ತದೆ. ಬ್ರೆಮನ್ ತಮ್ಮ ಮುಂದಿನ ಬರಹಗಳಲ್ಲಿ ‘ನವಜೀತ’ ಎಂದು ಗುರುತಿಸಿದ್ದು ಆಶ್ರಯದ ಸೋಗೂ ಇಲ್ಲದ, ಋತುಮಾನಕ್ಕೆ ಸೀಮಿತವಾದ, ಮಧ್ಯವರ್ತಿಯ ಮೂಲಕ ನಡೆಯುವ ಬಂಧನವನ್ನು. ಉತ್ತರ ಕರ್ನಾಟಕದ ‘ಗುಳೆ’ ಈ ಬಗೆಯ ಬಂಧನಕ್ಕೆ ದಾರಿ ಮಾಡಿಕೊಡುವುದುಂಟು. ಮಹಾರಾಷ್ಟ್ರದ ಕಬ್ಬಿನ ಗದ್ದೆಗಳಿಗೆ ಹೋಗುವವರಿಗೆ ಮುಕಾದಮನು ಕೊಡುವ ಮುಂಗಡಕ್ಕೆ ‘ಉಚಲ’ ಎನ್ನುತ್ತಾರೆ. ಗಂಡಹೆಂಡಿರ ಜೋಡಿಯನ್ನು ‘ಕೊಯ್ತಾ’ ಎಂದು ಎಣಿಸುತ್ತಾರೆ. ಆ ಮಾತಿಗೆ ಕುಡುಗೋಲು ಎಂದರ್ಥ. ಇಬ್ಬರು ಮನುಷ್ಯರು ಸೇರಿ ಒಂದು ಉಪಕರಣವಾಗುವ ಈ ಲೆಕ್ಕದಲ್ಲಿ ಕಬ್ಬಿನ ಆರ್ಥಿಕತೆಯೇ ಅಡಗಿದೆ. ಮುಂಗಡ ತೀರದಿದ್ದರೆ ಅದು ಮುಂದಿನ ಹಂಗಾಮಿಗೆ ಹೋಗುತ್ತದೆ. ಗುಳೆ ಎಲ್ಲವೂ ಸಾಗಾಣಿಕೆಯಲ್ಲ; ಸ್ವಂತ ಲೆಕ್ಕಾಚಾರದಿಂದ ಹೋಗಿ ಬರುವವರೂ ಅನೇಕರಿದ್ದಾರೆ. ಹೊರಡುವಾಗ ಹೇಳಿದ ಕೆಲಸವೇ ಅಲ್ಲಿತ್ತೇ, ಲೆಕ್ಕ ಯಾರ ಕೈಯಲ್ಲಿತ್ತು, ನಡುವೆ ಬಿಟ್ಟು ಬರಲು ಸಾಧ್ಯವಿತ್ತೇ ಎಂಬ ವಿವರಗಳಲ್ಲಿ ಈ ಎರಡರ ಗಡಿಯಿದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 143ನೆಯ ಪ್ರಕರಣ ಸಾಗಾಣಿಕೆಯನ್ನು ನಿರೂಪಿಸುವಾಗ ಬಾಧಿತರ ಒಪ್ಪಿಗೆಯನ್ನು ಗಣನೆಗೆ ತೆಗೆದುಕೊಳ್ಳುವುದಿಲ್ಲ. ಉಚಲ ಪಡೆದವನು ‘ಒಪ್ಪಿ ಹೋದವನು’ ಎಂಬ ಊರಿನ ತೀರ್ಪಿಗೂ ಕಾನೂನಿನ ಈ ನಿಲುವಿಗೂ ನಡುವೆ ದೊಡ್ಡ ಅಂತರವಿದೆ.

ಇನ್ನು ವಿಧಾನದ ಮಾತು. ಅಮೆರಿಕದಲ್ಲಿ 1936ರಿಂದ 1938ರವರೆಗೆ ಸರ್ಕಾರದ ಬರಹಗಾರರ ಯೋಜನೆಯ ಅಡಿಯಲ್ಲಿ ಹಿಂದೆ ಗುಲಾಮರಾಗಿದ್ದ 2,300ಕ್ಕೂ ಹೆಚ್ಚು ವೃದ್ಧರ ನಿರೂಪಣೆಗಳನ್ನು ದಾಖಲಿಸಲಾಯಿತು. ಜಾನಪದ ವಿದ್ವಾಂಸ ಜಾನ್ ಲೋಮ್ಯಾಕ್ಸ್ ಇದರ ಮಾರ್ಗದರ್ಶಕರಲ್ಲಿ ಒಬ್ಬರು. ಸಂದರ್ಶಕರಲ್ಲಿ ಬಹುಪಾಲು ಬಿಳಿಯರು. ಚಾರ್ಲ್ಸ್‌ಟನ್ ನಗರದ ಒಬ್ಬ ವೃದ್ಧೆಯನ್ನು ಇಬ್ಬರು ಬೇರೆ ಬೇರೆಯಾಗಿ ಸಂದರ್ಶಿಸಿದ್ದರು. ಬಿಳಿಯ ಮಹಿಳೆಯ ಮುಂದೆ ಆಕೆ ಒಡೆಯನ ಒಳ್ಳೆಯತನವನ್ನು ಹೇಳಿದಳು. ಕರಿಯ ಸಂದರ್ಶಕನ ಮುಂದೆ ಹೊಡೆತಗಳನ್ನೂ ತಾಯಿಮಕ್ಕಳನ್ನು ಅಗಲಿಸಿ ಮಾರಿದ್ದನ್ನೂ ಹೇಳಿದಳು. ಎರಡೂ ದಾಖಲೆಗಳು ಉಳಿದಿರುವುದರಿಂದ ಮಾತ್ರ ಈ ಅಂತರ ತಿಳಿಯುತ್ತದೆ. ಕ್ಷೇತ್ರಕಾರ್ಯಕ್ಕೆ ಹೋದವರು ಊರ ಗೌಡರ ಮನೆಯಲ್ಲಿ ಇಳಿದುಕೊಂಡು, ಅವರ ಜಗಲಿಗೆ ಹಾಡುಗಾರರನ್ನು ಕರೆಸಿ ಧ್ವನಿಮುದ್ರಿಸಿಕೊಳ್ಳುವ ಕ್ರಮ ಕನ್ನಡದಲ್ಲಿ ಅಪರಿಚಿತವಲ್ಲ. ಅನುಕೂಲಕ್ಕಾಗಿ ಮಾಡಿಕೊಂಡ ಏರ್ಪಾಡು ಅದು. ಆದರೆ ಕರೆಸಿಕೊಂಡವನ ಅಧಿಕಾರ ಹಾಡಿನ ಆಯ್ಕೆಯಲ್ಲಿ, ಬಿಟ್ಟ ಸಾಲುಗಳಲ್ಲಿ, ಕೊನೆಗೆ ಕೃತಜ್ಞತೆಯ ಮಾತುಗಳಲ್ಲಿ ಸೇರಿಹೋಗಿರುತ್ತದೆ.

ಆದ್ದರಿಂದ ಈ ವಿಷಯವನ್ನು ಜಾನಪದ ಸ್ನಾತಕೋತ್ತರ ತರಗತಿಗಳಲ್ಲಿ ಇರಿಸುವುದಾದರೆ ಗ್ರಂಥಗಳ ಓದಿಗಿಂತ ಮೊದಲು ಕೇಳುವ ಕ್ರಮವನ್ನು ಕಲಿಸಬೇಕಾಗುತ್ತದೆ. ‘ಜೀತ’ ಎಂಬ ಪದವನ್ನು ಸಂಶೋಧಕ ತಾನಾಗಿ ಬಳಸದೆ, ಯುಗಾದಿಯ ಲೆಕ್ಕ ಹೇಗೆ ನಡೆಯಿತು, ಹಬ್ಬಕ್ಕೆ ಊರಿಗೆ ಹೋಗಲು ಯಾರ ಅಪ್ಪಣೆ ಬೇಕಿತ್ತು, ಅಪ್ಪ ಮಾಡಿದ ಸಾಲ ಯಾರ ಹೆಸರಿಗೆ ಬಂತು ಎಂದು ಕೇಳುವುದು ಆ ಕ್ರಮದ ಆರಂಭ. ಈಗಲೂ ಬಂಧನದಲ್ಲಿರುವವರ ವಿಷಯದಲ್ಲಿ ಹೆಸರು, ಊರು, ಮನೆತನಗಳನ್ನು ಪ್ರಕಟಣೆಯಲ್ಲಿ ಮರೆಮಾಚುವುದು ಅನಿವಾರ್ಯ. ಪ್ರಬಂಧ ಅಚ್ಚಾದ ಮರುದಿನವೂ ವಕ್ತೃ ಅದೇ ಹಟ್ಟಿಯಲ್ಲಿರುತ್ತಾನೆ. ವಕ್ತೃವಿನ ಸ್ಥಿತಿ ತಿಳಿದ ಮೇಲೆ ಸಂಶೋಧಕ ಸುಮ್ಮನಿರಬಹುದೇ, ಉಪವಿಭಾಗಾಧಿಕಾರಿಗೆ ತಿಳಿಸಬೇಕೇ, ತಿಳಿಸಿದರೆ ವಕ್ತೃವಿಗೆ ಆಗುವ ತೊಂದರೆಗೆ ಯಾರು ಹೊಣೆ ಎಂಬ ಪ್ರಶ್ನೆಗಳಿಗೆ ವಿಶ್ವವಿದ್ಯಾಲಯವೇ ಒಂದು ನಿಯಮಾವಳಿಯನ್ನು ರೂಪಿಸಿಕೊಡಬೇಕು. ಇದನ್ನು ಒಬ್ಬ ಪಿಎಚ್‌.ಡಿ. ವಿದ್ಯಾರ್ಥಿಯ ವಿವೇಚನೆಗೆ ಬಿಡುವುದು ತರವಲ್ಲ. 2016ರ ಕೇಂದ್ರ ಪುನರ್ವಸತಿ ಯೋಜನೆಯಂತೆ ಬಿಡುಗಡೆಯಾದ ವಯಸ್ಕ ಪುರುಷನಿಗೆ 1 ಲಕ್ಷ, ಮಹಿಳೆಯರು ಮತ್ತು ಮಕ್ಕಳಿಗೆ 2 ಲಕ್ಷ, ಹೆಚ್ಚಿನ ಶೋಷಣೆಗೆ ಒಳಗಾದವರಿಗೆ 3 ಲಕ್ಷ ರೂಪಾಯಿ ಸಲ್ಲುತ್ತದೆ. ಇಂಥ ಮಾಹಿತಿಯೂ ಕ್ಷೇತ್ರಕ್ಕೆ ಹೋಗುವವನ ಚೀಲದಲ್ಲಿ ಧ್ವನಿಮುದ್ರಕದ ಜೊತೆಗಿರಬೇಕು.

ಹಿಂದಿನ ಸಂಗ್ರಹಗಳನ್ನು ಮರಳಿ ನೋಡುವ ಕೆಲಸ ಇದರ ಜೊತೆಗೇ ಆಗಬೇಕಾದುದು. ವಿಭಾಗಗಳ ಧ್ವನಿಸುರುಳಿಗಳಲ್ಲಿ, ಹಸ್ತಪ್ರತಿಗಳಲ್ಲಿ, ಅಚ್ಚಾದ ಸಂಪುಟಗಳ ಅನುಬಂಧಗಳಲ್ಲಿ ವಕ್ತೃವಿನ ಹೆಸರು, ವಯಸ್ಸು, ಜಾತಿ, ಊರುಗಳನ್ನು ನಮೂದಿಸುವ ಪದ್ಧತಿಯಿದೆ. ಆ ವಕ್ತೃ ಯಾರ ಮನೆಯಲ್ಲಿ, ಯಾವ ಕರಾರಿನ ಮೇಲೆ ದುಡಿಯುತ್ತಿದ್ದ ಎಂಬುದಕ್ಕೆ ಸಾಮಾನ್ಯವಾಗಿ ಸ್ಥಳವಿಲ್ಲ. ಹಾಡಿದವರಲ್ಲಿ ಹಲವರು ಇಂದು ಇಲ್ಲ. ಆದರೆ ಅವರ ಮಕ್ಕಳು ಆಯಾ ಊರುಗಳಲ್ಲಿದ್ದಾರೆ, ಸಂಗ್ರಹಿಸಿದವರಲ್ಲಿ ಕೆಲವರೂ ಇದ್ದಾರೆ. ನಮೂದಿನ ಕಾರ್ಡಿಗೆ ಇನ್ನೊಂದು ಕಲಮನ್ನು ಸೇರಿಸಿ, ಅವರನ್ನು ಕೇಳಿ ತುಂಬುವಷ್ಟು ಕಾಲ ಇನ್ನೂ ಉಳಿದಿದೆ.